ಆಮೆ ಬರ್ನಬಪ್ಪನ ಪ್ರಾರ್ಥನೆಯ ಕೋಣೆ

ಮಕ್ಕಳೇ, ದಟ್ಟ ಕಾಡಿನ ನಡುವೆ ಕೆಂದಾವರೆ ಕೆರೆ ಅಂತ ಒಂದು ಕೆರೆ ಇತ್ತು. ಅಲ್ಲಿಯ ತಾವರೆ ಎಲೆಗಳು ಎಷ್ಟು ದೊಡ್ಡವು ಗೊತ್ತೇ? ನಿಮ್ಮ ಈ ಮಾವ ಒಂದರ ಮೇಲೆ ಕೂತು ಊಟ ಮಾಡಿ, ಕೈ ತೊಳೆದು, ಒಂದು ನಿದ್ದೆ ತೆಗೆದು ಎದ್ದಿದ್ದಾನೆ. ಎಲೆ ಅಲುಗಲೇ ಇಲ್ಲ. ನಂಬಿಕೆ ಇಲ್ಲದವರು ಹೋಗಿ ಎಲೆಯನ್ನೇ ಕೇಳಬಹುದು.

ಆ ಕೆರೆಯವರೆಲ್ಲ ದೈವಭಕ್ತರು. ಬಿಸಿಲು ಇಳಿಯುತ್ತಿದ್ದಂತೆ ದಡದ ಚಪ್ಪಟೆ ಬಂಡೆಯ ಹತ್ತಿರ ಸೇರಿ, ಯೇಸುಸ್ವಾಮಿ ಕಲಿಸಿಕೊಟ್ಟ ಪ್ರಾರ್ಥನೆ ಹೇಳುತ್ತಿದ್ದರು. ಅದನ್ನು ಕಾಡಿಗೆ ತಂದವಳು ಕಪ್ಪೆ ಸಲೋಮಿಯ ಅಜ್ಜಿ. ಅವಳು ಹುಟ್ಟಿ ಬೆಳೆದದ್ದು ಪೇಟೆಯ ಚರ್ಚಿನ ಬಾವಿಯಲ್ಲಿ. ಎಲ್ಲರಿಗೂ ಹಿರಿಯನಾದ ಆಮೆ ಬರ್ನಬಪ್ಪ ಒಂದೊಂದೇ ಸಾಲು ಹೇಳಿಕೊಡುವುದು, ಉಳಿದವರು ಹಿಂದೆಯೇ ಹೇಳುವುದು. ಅದು ಮುಗಿದ ಮೇಲೆ ಅವರವರ ಸ್ವಂತ ಪ್ರಾರ್ಥನೆ.

ಆಗ ನೋಡಬೇಕಿತ್ತು ಬರ್ನಬಪ್ಪನ ಗತ್ತು!

"ಯೇಸುಸ್ವಾಮಿ ಹೇಳಿದ ಹಾಗೆ, ಪ್ರಾರ್ಥನೆ ಅಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ನಿಮಗೆಲ್ಲ ಕೋಣೆ ಎಲ್ಲಿದೆ, ಪಾಪ! ನನಗಾದರೆ ದೇವರು ಬೆನ್ನ ಮೇಲೇ ಕಟ್ಟಿಕೊಟ್ಟಿದ್ದಾನೆ," ಎಂದು ಕತ್ತನ್ನು ಸುರ್ರನೆ ಚಿಪ್ಪಿನೊಳಗೆ ಎಳೆದುಕೊಳ್ಳುತ್ತಿದ್ದ.

ಅವನ ಪ್ರಾರ್ಥನೆ ಎಷ್ಟು ಉದ್ದ ಅಂದರೆ, ಶುರುವಾದಾಗ ಬಾಲ ಆಡಿಸುತ್ತಿದ್ದ ಗೊದಮೊಟ್ಟೆಗಳು ಮುಗಿಯುವ ಹೊತ್ತಿಗೆ ಕಪ್ಪೆಗಳಾಗಿ ಮದುವೆಯನ್ನೂ ಮುಗಿಸಿಕೊಂಡಿರುತ್ತಿದ್ದವು. ಇರಲಿ, ಇದರಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಉಂಟು. ಮದುವೆ ಆಗಿರಲಿಲ್ಲ, ಬರೀ ನಿಶ್ಚಿತಾರ್ಥ.

ಒಂದು ಸಂಜೆ ಬರ್ನಬಪ್ಪನಿಗೆ ತೀರಿಕೊಂಡ ತಂಗಿಯ ನೆನಪಾಯಿತು. ಚಿಪ್ಪಿನೊಳಗೆ ಕೂತು ಬಿಕ್ಕಿ ಬಿಕ್ಕಿ ಅತ್ತ. ಹೊರಗಿದ್ದ ಏಡಿ ತೋಮಣ್ಣನ ಕಿವಿಗೆ ಆ ಸದ್ದು ಬೇರೆ ರೀತಿ ಕೇಳಿಸಿತು. ತೋಮಣ್ಣನೋ ನಾಲಿಗೆ ಹಿಡಿತವಿಲ್ಲದ ಕುಚೋದ್ಯಗಾರ. ಕೊಂಡಿಯಿಂದ ಚಿಪ್ಪಿನ ಮೇಲೆ ಟಕ್ ಟಕ್ ಬಡಿದು, "ಒಳಗಿರುವವರು ಪ್ರಾರ್ಥನೆ ಮಾಡುತ್ತಿದ್ದೀರೋ, ಗೊರಕೆ ಹೊಡೆಯುತ್ತಿದ್ದೀರೋ?" ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ಹುಟ್ಟಿದಾಗಿನಿಂದ ನಗದಿದ್ದ ಬಸವನಹುಳು ಕೂಡ ನಕ್ಕಿತು.

ಅಂದಿನಿಂದ ಕೋಣೆಯ ಬಾಗಿಲು ಹಾಕಿಕೊಂಡರೆ ಬರ್ನಬಪ್ಪನ ಬಾಯಿಗೆ ಬರುತ್ತಿದ್ದುದು ಒಂದೇ ಮಾತು. "ತಂದೆಯೇ, ಆ ತೋಮನನ್ನು ನೋಡು. ಅವನ ಕೊಂಡಿ ನೋಡು. ಅವನ ನಡಿಗೆ ನೋಡು. ನೆಟ್ಟಗೆ ನಡೆಯಲು ಬಾರದವನು ನನ್ನನ್ನು ನೋಡಿ ನಗುವುದೇ?"

ಹೀಗಿರುವಾಗ ಒಂದು ಜಿಗಣೆ ಆ ದಾರಿಯಲ್ಲಿ ಬಂತು. ಚಿಪ್ಪಿನೊಳಗೆ ಕತ್ತಲು, ತೇವ, ಬೆಚ್ಚಗಿನ ಮೂಲೆ. ಜಿಗಣೆಗೆ ಇನ್ನೇನು ಬೇಕು? ಮೆಲ್ಲಗೆ ಒಳಗೆ ಜಾರಿ ಬರ್ನಬಪ್ಪನ ಕತ್ತಿನ ಮಡಿಕೆಗೆ ಬಾಯಿ ಹಚ್ಚಿತು.

"ಯಾರದು?" ಎಂದ ಬರ್ನಬಪ್ಪ.

"ನಿಮ್ಮ ಜೊತೆ ಪ್ರಾರ್ಥನೆಗೆ ಕೂತವನು, ಹಿರಿಯರೇ."

"ಏನೋ ಕಚ್ಚಿದ ಹಾಗಾಯಿತಲ್ಲ?"

"ಭಕ್ತಿ! ಭಕ್ತಿ ಏರಿದಾಗ ಹಾಗೇ ಚುರುಕ್ ಅನ್ನುತ್ತದೆ. ನೀವು ಮುಂದುವರಿಸಿ. ಆ ಏಡಿಯ ವಿಷಯ ಅರ್ಧಕ್ಕೇ ಬಿಟ್ಟಿರಿ."

ಬರ್ನಬಪ್ಪನಿಗೆ ಖುಷಿಯೋ ಖುಷಿ. ಅವನು ಎಲ್ಲಿ ಪ್ರಾರ್ಥನೆ ಮುಗಿಸಿ 'ಆಮೆನ್' ಅನ್ನುವನೋ ಎಂದು ಹೆದರಿ ಜಿಗಣೆ ಆಗಾಗ ಕೇಳುತ್ತಿತ್ತು: "ಅವನು ಬಡಿದದ್ದು ಮೆಲ್ಲಗೋ, ಜೋರಾಗೋ? ಮೊದಲು ನಕ್ಕವರು ಯಾರು?" ಬರ್ನಬಪ್ಪ ಮೊದಲಿನಿಂದ ಶುರು ಮಾಡುತ್ತಿದ್ದ. ಜಿಗಣೆ ಮೊದಲಿನಿಂದ ಹೀರುತ್ತಿತ್ತು.

ಬರಬರುತ್ತಾ ಜಿಗಣೆ ಬದನೆಕಾಯಿಯಾಯಿತು, ಬರ್ನಬಪ್ಪನ ಕತ್ತು ಒಣಬಳ್ಳಿಯಾಯಿತು. ಕೆರೆಯಲ್ಲಿ ನಾಲ್ಕು ಕೈ ಬೀಸುವಷ್ಟರಲ್ಲಿ ಏದುಸಿರು. ಸಲೋಮಿಗೆ ಕಳವಳವಾಯಿತು.

"ಯಾಕಣ್ಣಾ ಹೀಗೆ ಸೊರಗಿದ್ದೀರಿ? ಜೀವಕ್ಕೇನಾದರೂ ಬಂದೀತು!"

"ಇದು ಪ್ರಾರ್ಥನೆಯ ತೇಜಸ್ಸು, ತಂಗಿ. ನಿನಗೆ ತಿಳಿಯುವುದಿಲ್ಲ."

ಒಂದು ಭಾನುವಾರ ಬಂಡೆಯ ಹತ್ತಿರ ಎಲ್ಲರೂ ಸೇರಿದ್ದರು. ಬರ್ನಬಪ್ಪ ಸಾಲು ಹೇಳಿಕೊಡುತ್ತಾ ಬಂದ. ಅನ್ನ ಬೇಡುವ ಸಾಲು ಮುಗಿಯಿತು. ನಮ್ಮ ತಪ್ಪನ್ನು ಕ್ಷಮಿಸು, ನಾವೂ ಬೇರೆಯವರನ್ನು ಕ್ಷಮಿಸಿದ್ದೇವೆ ಅನ್ನುವ ಸಾಲು ಬರಬೇಕು. ಎದುರಿಗೇ ತೋಮಣ್ಣ ಕೂತಿದ್ದ. ಬರ್ನಬಪ್ಪ ಕೆಮ್ಮಿ ಮುಂದಿನ ಸಾಲಿಗೆ ಹಾರಿದ.

ಕಪ್ಪೆಗಳ ಪ್ರಾರ್ಥನೆ ಮುಗ್ಗರಿಸಿತು. ಅರ್ಧ ಜನ ಹಳೆಯ ಸಾಲಿನಲ್ಲಿ, ಅರ್ಧ ಜನ ಹೊಸ ಸಾಲಿನಲ್ಲಿ!

"ಅಣ್ಣಾ, ಕ್ಷಮೆಯ ಸಾಲು ಬಿಟ್ಟಿರಿ," ಎಂದಳು ಸಲೋಮಿ.

"ಕೆಮ್ಮು ಬಂತು."

ತಿರುಗಿ ಶುರು ಮಾಡಿದರು. ಅದೇ ಜಾಗಕ್ಕೆ ಬಂದಾಗ ತಿರುಗಿ ಕೆಮ್ಮು.

"ಎಂಥ ಕೆಮ್ಮು ಅಣ್ಣಾ ಇದು, ಜಾಗ ನೋಡಿಕೊಂಡು ಬರುತ್ತದೆ!"

ಬರ್ನಬಪ್ಪ ಸಿಟ್ಟಿನಿಂದ ಎದ್ದು ನಿಲ್ಲಲು ಹೋದ. ಕಾಲಿನಲ್ಲಿ ಬಲವಿರಲಿಲ್ಲ. ಧೊಪ್ಪನೆ ಬಿದ್ದ. ಕತ್ತು ಬಂಡೆಯ ಮೇಲೆ ಜೋತುಬಿತ್ತು. ಅದರ ಜೊತೆಗೆ ಜಿಗಣೆಯೂ!

"ಅಯ್ಯೋ ದೇವರೇ!" ಎಂದು ಕಿರುಚಿದ ಸಲೋಮಿ ಅದನ್ನು ಹಿಡಿದೆಳೆದಳು. ಜಾರಿತು. ಮೀನುಗಳು ಬಾಲದಿಂದ ಹೊಡೆದವು. ಅದು ಕದಲಲೇ ಇಲ್ಲ.

"ಇದಕ್ಕೆ ಇಕ್ಕಳವೇ ಆಗಬೇಕು," ಎಂದಳು ಸಲೋಮಿ. ಎಲ್ಲರ ಕಣ್ಣೂ ತೋಮಣ್ಣನ ಕೊಂಡಿಯ ಕಡೆ ಹೊರಳಿತು.

"ಬಂದೆ ಅಣ್ಣಾ, ಬಂದೆ!" ತೋಮಣ್ಣ ಅಡ್ಡಡ್ಡವಾಗಿ ಓಡಿಬಂದ. ಅವನು ಹತ್ತಿರ ಬಂದದ್ದೇ ತಡ, ಬರ್ನಬಪ್ಪನ ಕತ್ತು ಸುರ್ರನೆ ಒಳಗೆ!

"ಹೊರಗೆ ಬನ್ನಿ ಮಾರಾಯರೇ!"

"ನಾನು ಬರುತ್ತೇನಯ್ಯಾ! ಕತ್ತು ಬರುವುದಿಲ್ಲ!"

ನಿಜಕ್ಕೂ ಹಾಗೇ ಆಗಿತ್ತು. ತೋಮಣ್ಣ ಹಿಂದೆ ಸರಿದರೆ ಕತ್ತು ಇಣುಕುವುದು, ಕೊಂಡಿ ಕಂಡರೆ ಮಾಯವಾಗುವುದು. ಹೊರಗೆ, ಒಳಗೆ, ಹೊರಗೆ, ಒಳಗೆ. ಅಷ್ಟು ದಿನ ಹಗೆಯ ಅಭ್ಯಾಸ ಮಾಡಿಸಿದ ಕತ್ತು ಈಗ ಯಜಮಾನನ ಮಾತನ್ನೇ ಕೇಳದು.

"ಸರಿಯಾಗಿ ಮಾಡಿದಿರಿ, ಹಿರಿಯರೇ!" ಎಂದಿತು ಒಳಗಿನಿಂದ ಜಿಗಣೆ. "ಅವನ ಸಹಾಯ ನಿಮಗೇಕೆ? ಬಾಗಿಲು ಹಾಕಿ. ಅವನು ಬಡಿದ ಕತೆ ಇನ್ನೊಮ್ಮೆ ಹೇಳಿ."

ಕತೆ ಹೇಳಲು ಬಾಯಿ ತೆರೆದ ಬರ್ನಬಪ್ಪನಿಗೆ ತಟ್ಟನೆ ಹೊಳೆಯಿತು. ಈ ಕೋಣೆಯಲ್ಲಿ ಇಷ್ಟು ದಿನ 'ತಂದೆಯೇ, ತಂದೆಯೇ' ಎಂದು ಕರೆದನಲ್ಲ, ಉತ್ತರ ಕೊಟ್ಟವರು ಯಾರು? ಈ ಜಿಗಣೆ. ತಲೆ ಆಡಿಸಿದವರು ಯಾರು? ಈ ಜಿಗಣೆ. ತನ್ನ ಪ್ರಾರ್ಥನೆಯನ್ನೆಲ್ಲ ಕೇಳಿಸಿಕೊಂಡವನು ಇವನೊಬ್ಬನೇ ಏನು?

ಬರ್ನಬಪ್ಪ ಸಣ್ಣ ದನಿಯಲ್ಲಿ ಹೇಳಿದ: "ತಂದೆಯೇ, ಕ್ಷಮಿಸಲು ನನಗೆ ಮನಸ್ಸು ಬರುತ್ತಿಲ್ಲ. ಆ ಮನಸ್ಸನ್ನೂ ನೀನೇ ಕೊಡಬೇಕು."

"ಇದೆಂಥ ಪ್ರಾರ್ಥನೆ!" ಜಿಗಣೆ ಗಾಬರಿಯಾಯಿತು. "ಇಷ್ಟು ಚಿಕ್ಕದೇ? ಏಡಿಯ ವಿಷಯ ಎಲ್ಲಿ?"

ಬರ್ನಬಪ್ಪ ಮೂಗಿನ ತುದಿಯನ್ನಷ್ಟೇ ಹೊರಗೆ ಚಾಚಿದ.

"ತೋಮಣ್ಣ, ಅವತ್ತು ನಾನು ಗೊರಕೆ ಹೊಡೆಯುತ್ತಿರಲಿಲ್ಲ. ನನ್ನ ತಂಗಿಯನ್ನು ನೆನೆದು ಅಳುತ್ತಿದ್ದೆ. ನೀನು ನಗಿಸಿದೆ. ಎಲ್ಲರೂ ನಕ್ಕರು. ನನಗೆ ಬಹಳ ನೋವಾಯಿತಯ್ಯಾ."

ಕಡ್ಡಿಯ ತುದಿಗಿಟ್ಟಂತಿದ್ದ ತೋಮಣ್ಣನ ಕಣ್ಣುಗಳು ಮೆಲ್ಲಗೆ ಕೆಳಗೆ ಬಾಗಿದವು.

"ಗೊತ್ತಿರಲಿಲ್ಲ ಅಣ್ಣಾ. ಗೊತ್ತಿಲ್ಲ ಅಂದರೂ ಪ್ರಾರ್ಥನೆಯಲ್ಲಿರುವವರ ಬಾಗಿಲು ಬಡಿದದ್ದು ತಪ್ಪೇ. ನನ್ನನ್ನು ಕ್ಷಮಿಸಿ."

ಬರ್ನಬಪ್ಪನಿಗೆ ಕೆಮ್ಮು ಬಂತು. ನುಂಗಿಕೊಂಡ. "ನಮ್ಮ ತಪ್ಪನ್ನು ಕ್ಷಮಿಸು ತಂದೆಯೇ," ಎಂದ. ಆಮೇಲೆ ಬಂಡೆ ಎತ್ತುವವನ ಹಾಗೆ ಉಸಿರು ಬಿಗಿಹಿಡಿದು, "ನಾನೂ ತೋಮಣ್ಣನನ್ನು ಕ್ಷಮಿಸಿದ್ದೇನೆ," ಎಂದು ಕತ್ತನ್ನು ಪೂರ್ತಿ ಹೊರಗೆ ಚಾಚಿದ. ಕೊಂಡಿ ಹತ್ತಿರ ಬಂತು. ಕತ್ತು ನಡುಗಿತು, ಬೆವರಿತು, ಆದರೆ ಒಳಗೆ ಹೋಗಲಿಲ್ಲ.

ಚಟಕ್!

"ತಡೆಯಿರಿ, ಇನ್ನೂ ಆಮೆನ್ ಹೇಳಿಲ್ಲ!" ಎಂದು ಜಿಗಣೆ ಕೂಗುತ್ತಾ ಗಾಳಿಯಲ್ಲಿ ಹಾರಿತು. ಕೆಳಗೆ ಬಾಯಿ ತೆರೆದು ಕಾಯುತ್ತಿದ್ದ ಮೀನೊಂದು ಆಮೆನ್ ಹೇಳಿಸಿತು.

ಬರ್ನಬಪ್ಪ ಹಗುರಾದ ಕತ್ತನ್ನು ಆಚೀಚೆ ತಿರುಗಿಸಿ ನೋಡಿದ. "ಬನ್ನಿ, ಈಗ ಸ್ವಂತ ಪ್ರಾರ್ಥನೆ," ಎಂದ. ಅಭ್ಯಾಸಬಲದಿಂದ ಕಪ್ಪೆಗಳೆಲ್ಲ ಒಂದು ದೊಡ್ಡ ನಿದ್ದೆಗೆ ಸಿದ್ಧವಾಗಿ ಕಣ್ಣು ಮುಚ್ಚಿದವು. ಎಷ್ಟೋ ಹೊತ್ತಾದ ಮೇಲೆ ಸಲೋಮಿ ಒಂದೇ ಕಣ್ಣು ತೆರೆದು ನೋಡಿದಳು. ಬಂಡೆ ಖಾಲಿ!

ದೂರದ ದಡದಲ್ಲಿ ಇಬ್ಬರು ಮೇವು ಹುಡುಕುತ್ತಾ ಹೋಗುತ್ತಿದ್ದರು, ಒಬ್ಬ ನೇರಕ್ಕೆ, ಇನ್ನೊಬ್ಬ ಅಡ್ಡಕ್ಕೆ.

"ನಿಮ್ಮ ತಂಗಿ ಹೇಗಿದ್ದರು ಅಣ್ಣಾ?" ಎಂದು ಕೇಳುತ್ತಿದ್ದ ತೋಮಣ್ಣ.

ಬರ್ನಬಪ್ಪ ಹೇಳತೊಡಗಿದ. ಆ ಕತೆ ಮಾತ್ರ, ಮಕ್ಕಳೇ, ಬಹಳ ಉದ್ದವಾಗಿತ್ತು.

ನೀತಿ: ಹಗೆಯನ್ನು ಒಳಗೆ ಕೂರಿಸಿಕೊಂಡು ಬಾಗಿಲು ಹಾಕಿದವನ ಪ್ರಾರ್ಥನೆ ಹಗೆಯನ್ನೇ ಕೊಬ್ಬಿಸುತ್ತದೆ; ಕ್ಷಮಿಸಲು ಮನಸ್ಸು ಬಾರದಿದ್ದರೆ, ದೇವರ ಬಳಿ ಮೊದಲು ಆ ಮನಸ್ಸನ್ನೇ ಬೇಡು.