ನೊಗಕ್ಕೆ ಹೂಡಿದ ಹೊನ್ನು

ಬೆಟ್ಟದಾಚೆ ಒಂದಾನೊಂದು ಊರಿತ್ತಂತೆ. ಆ ಊರಲ್ಲಿ ಬಾಳವ್ವ ಅಂತ ಒಬ್ಬ ಹೆಣ್ಣುಮಗಳು. ಹೊಳೆಗೆ ಬಿದ್ದ ರಾಜನ ಮಗನನ್ನು ದಡಕ್ಕೆ ತಂದು ಹಾಕಿ ಅವಳ ಗಂಡ ತಾನೇ ಮುಳುಗಿಹೋಗಿದ್ದ. ಅವರಿವರ ಮನೆಯಲ್ಲಿ ಜೋಳ ಬೀಸಿ ಬಾಳವ್ವ ಎರಡು ಮಕ್ಕಳನ್ನು ಸಾಕುತ್ತಿದ್ದಳಂತೆ.

ರಾಜ ಒಂದು ಕೊಡ ಹೊನ್ನು ತಂದು ಅವಳ ಮುಂದಿಟ್ಟ. "ಇದನ್ನ ಹೂಡು ತಾಯಿ, ಬೆಳೀತದೆ" ಅಂದ. ಪಕ್ಕದಲ್ಲಿದ್ದ ಮಂತ್ರಿಗೆ ಹೊಟ್ಟೆ ಉರಿಯಿತು. ವರ್ಷ ಬಿಟ್ಟು ನೋಡೋಣ, ಹೊನ್ನು ಹಾಳುಮಾಡಿದ್ದರೆ ಉಳಿದದ್ದೆಲ್ಲ ಅರಮನೆಗೆ ವಾಪಸ್ ಅಂತ ಷರತ್ತು ಹಾಕಿಸಿದ. ಹಾಗೇನಾದರೂ ಆದರೆ ಬಾಳವ್ವನಿಗೆ ಮತ್ತೆ ಬೀಸುವ ಕಲ್ಲೇ ಗತಿ.

ಸುದ್ದಿ ಹಬ್ಬಿದ್ದೇ ತಡ, ಬುದ್ಧಿ ಹೇಳುವವರು ಸಾಲುಗಟ್ಟಿದರಂತೆ. ಸಾಹುಕಾರ ಬಡ್ಡಿಗೆ ಬಿಡು ಅಂದ. ಹಡಗಿನವನು ಮೆಣಸಿನ ವ್ಯಾಪಾರಕ್ಕೆ ಹಾಕು ಅಂದ. ಜೋಯಿಸರು ಹೂತಿಡು ಅಂದರು. ಬಾಳವ್ವ ಎಲ್ಲರಿಗೂ ಮಜ್ಜಿಗೆ ಕೊಟ್ಟು ಕಳಿಸಿದಳು. ರಾಜ ಹೇಳಿದ್ದು ಹೂಡು ಅಂತ. ಅವಳಿಗೆ ಗೊತ್ತಿದ್ದ ಹೂಡುವುದು ಒಂದೇ, ನೊಗಕ್ಕೆ ಎತ್ತು ಹೂಡುವುದು. ಅರಮನೆಯ ಮಾತಲ್ಲಿ ಅದಕ್ಕೆ ಬೇರೆ ಅರ್ಥ ಇದೆ ಅಂತ ಪಾಪ, ಅವಳಿಗೆ ಯಾರು ಹೇಳಬೇಕು?

ಆ ಊರಲ್ಲೋ, ಎತ್ತಿಲ್ಲದ ಮನೆಗಳೇ ಹೆಚ್ಚು. ಗಂಡಹೆಂಡತಿ ತಾವೇ ನೊಗಕ್ಕೆ ಹೆಗಲು ಕೊಟ್ಟು ನೇಗಿಲು ಎಳೆಯುತ್ತಿದ್ದರಂತೆ. ಬಾಳವ್ವ ಸಂತೆಗೆ ಹೋದಳು. ಕೊಡ ಖಾಲಿಯಾಗುವ ತನಕ ಎತ್ತು ಕೊಂಡಳು. ಮನೆಮನೆಯ ಮುಂದೆ ಒಂದೊಂದು ಜೋಡಿ ಕಟ್ಟಿದಳು. ಬೆಳೆ ಬಂದಾಗ ನನಗೊಂದು ಪಾಲು ಕೊಡಿ ಅಂದಳು, ಅಷ್ಟೇ. ಎಂಥ ಎದೆಗಾರಿಕೆ ನೋಡಿ. ನಾನಾಗಿದ್ದರೆ ಕೊಡವನ್ನು ತಬ್ಬಿಕೊಂಡು ಮಲಗುತ್ತಿದ್ದೆ.

ವರ್ಷವಾಯಿತು. ರಾಜ ಬಂದ, ಮಂತ್ರಿ ಬಂದ. ಮಂತ್ರಿ ಕೊಡ ಬೋರಲು ಹಾಕಿದ, ಒಂದು ಕಾಸೂ ಬೀಳಲಿಲ್ಲ. ಹೊನ್ನೆಲ್ಲಿ ಅಂತ ರಾಜ ಕೇಳಿದ.

"ಹೂಡು ಅಂದ್ರಿ, ಹೂಡೀನ್ರೀ" ಅಂದಳು ಬಾಳವ್ವ. ಹೊಲದ ಕಡೆ ಕೈ ತೋರಿಸಿದಳು.

ಮಂತ್ರಿ ಬಿದ್ದು ಬಿದ್ದು ನಕ್ಕ. ರಾಜ ನಗಲಿಲ್ಲ. ಕಣ್ಣು ಹಾಯಿಸಿದಲ್ಲೆಲ್ಲ ಎತ್ತಿನ ಜೋಡಿ, ಬೀಳುಬಿದ್ದಿದ್ದ ನೆಲವೆಲ್ಲ ಉತ್ತ ಹೊಲ. ಬಾಳವ್ವನ ಅಂಗಳದಲ್ಲಿ ಪಾಲಿಗೆ ಬಂದ ಜೋಳದ ರಾಶಿ ಮನೆಯ ಮಾಡು ಮುಟ್ಟುತ್ತಿತ್ತಂತೆ. ಆದರೂ ಮಂತ್ರಿ ಬಿಡಲಿಲ್ಲ. ಕೊಡದಲ್ಲಿ ಹೊನ್ನಿಲ್ಲ, ಷರತ್ತು ಷರತ್ತೇ, ಎತ್ತುಗಳನ್ನೇ ಹೊಡೆದುಕೊಂಡು ಹೋಗೋಣ ಅಂದ.

"ಅವಳದನ್ನ ತಗೋಬೇಕಾದ್ರೆ ಇಡೀ ಊರಿನ ನೊಗ ಬಿಚ್ಚಬೇಕು ಮಂತ್ರಿ" ಅಂದ ರಾಜ. "ಅಷ್ಟು ಧೈರ್ಯ ನನಗಿಲ್ಲ." ಆಮೇಲೆ ಕುದುರೆಯಿಂದ ಇಳಿದು ಬಾಳವ್ವನಿಗೆ ಕೈಮುಗಿದನಂತೆ.

ಅವಳ ಕಣಜ ಅಲ್ಲಿ ತುಂಬಿತು, ನನ್ನ ಗಂಟಲು ಇಲ್ಲಿ ಒಣಗಿತು. ಒಂದು ತಂಬಿಗೆ ನೀರು ಕೊಡಿ, ಕಥೆ ಮುಗಿಯಿತು.