ಹುಲಿಗೆಪ್ಪನ ಹಾಡು ಯಾವ ಬಗೆಯದು

ತುಂಗಭದ್ರೆಯ ಆಚೆ ದಡದಲ್ಲಿ, ಬಂಡೆಗಳ ನಡುವೆ, ಜಂಬಯ್ಯ ಗುರುಗಳ ಆಶ್ರಮವಿತ್ತು. ಅಲ್ಲಿ ವೇದ ಹೇಳಿಕೊಡುತ್ತಿರಲಿಲ್ಲ. ಗಿಟಾರು, ಡ್ರಮ್ಸು, ಕೀಬೋರ್ಡು ಹೇಳಿಕೊಡುತ್ತಿದ್ದರು.

ಗುರುಗಳು ಪ್ರಾಯದಲ್ಲಿ ಮುಂಬಯಿಯ ಒಂದು ರಾಕ್ ತಂಡದಲ್ಲಿ ನುಡಿಸಿದವರು. ಪ್ರೊಗ್ರೆಸಿವ್ ರಾಕ್ ಬಿಟ್ಟು ಬೇರೇನನ್ನೂ ಕಲಿಸುತ್ತಿರಲಿಲ್ಲ. ಹಾಗೆಂದರೇನು ಎಂದು ಹೊಸಬರು ಕೇಳಿದರೆ, "ಹಾಡು ಉದ್ದ. ತಾಳ ನಡುವೆ ಬದಲಾಗುತ್ತೆ. ಒಂದು ಕಡೆ ಹುಟ್ಟಿ ಇನ್ನೆಲ್ಲೋ ಹೋಗಿ ಮುಟ್ಟುತ್ತೆ," ಎನ್ನುತ್ತಿದ್ದರು. ಅದಕ್ಕಿಂತ ಹೆಚ್ಚು ಹೇಳುತ್ತಿರಲಿಲ್ಲ.

ಅವರ ಹಿರಿಯ ಶಿಷ್ಯ ಪ್ರಹ್ಲಾದ. ಧಾರವಾಡದವನು. ಏಳು ವರ್ಷದಿಂದ ಅಲ್ಲಿದ್ದ. ಗುರುಗಳು ಹೇಳದೆ ಬಿಟ್ಟದ್ದನ್ನೆಲ್ಲ ಅವನು ಪುಸ್ತಕದಲ್ಲಿ ಬರೆದಿಟ್ಟಿದ್ದ.

ಮೊಬೈಲು ಇನ್ನೂ ಬಾರದ ಕಾಲ. ಆಶ್ರಮದಲ್ಲಿ ಎರಡು ಚಕ್ರದ ದೊಡ್ಡದೊಂದು ಟೇಪ್ ರೆಕಾರ್ಡರ್ ಇತ್ತು. ಸುತ್ತಲಿನ ನಾಲ್ಕು ಜಿಲ್ಲೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಟೇಪು ಸಿಗುವುದು ಕಷ್ಟ. ಅದಕ್ಕೇ ಪ್ರಹ್ಲಾದ ಒಂದು ನಿಯಮ ಮಾಡಿದ್ದ: ಪ್ರೊಗ್ರೆಸಿವ್ ರಾಕ್ ಅಲ್ಲದ್ದನ್ನು ಇಲ್ಲಿ ರೆಕಾರ್ಡ್ ಮಾಡುವಂತಿಲ್ಲ.

ಗುರುಗಳು ಆ ನಿಯಮಕ್ಕೆ ಬೇಡ ಎಂದಿರಲಿಲ್ಲ.

ಒಂದು ಚಳಿಗಾಲ ಗುರುಗಳ ಅಣ್ಣನಿಗೆ ಪಾರ್ಶ್ವವಾಯು ಬಡಿಯಿತು. ಗುರುಗಳು ಬಳ್ಳಾರಿಗೆ ಹೊರಟರು.

"ರೆಕಾರ್ಡರಿನ ಕೋಣೆಯ ಕೀಲಿ ನಿನ್ನ ಹತ್ತಿರ ಇರಲಿ," ಎಂದರು.

"ಯಾರಾದರೂ ಬಂದರೆ ಏನು ಮಾಡಲಿ?"

"ಕೇಳಿಸಿಕೋ."

ಅವರು ಹೋದ ಹದಿನೈದು ದಿನಕ್ಕೆ ಹರಿಗೋಲಿನಲ್ಲಿ ಮೂವರು ಬಂದಿಳಿದರು. ಇಳಕಲ್ಲಿನ ಕಡೆಯ ಕಲ್ಲು ಗಣಿಯಲ್ಲಿ ಕೆಲಸ ಮಾಡುವವರು. ಹುಲಿಗೆಪ್ಪ ಹಾಡುವವನು. ಅವನ ತಂಗಿ ಗಾಳೆಮ್ಮ ಒಂಟಿ ತಂತಿಯ ಚೌಡಿಕೆ ಬಾರಿಸುವವಳು. ಮೌಲಾಸಾಬ ಎಂಬುವನ ಹೆಗಲಿಗೆ ಒಂದು ಎಲೆಕ್ಟ್ರಿಕ್ ಗಿಟಾರು ಇತ್ತು. ಅದರ ಒಡಕು ಮೈಗೆ ತಂತಿ ಸುತ್ತಿದ್ದರು.

"ನಮ್ದು ಒಂದ ಹಾಡು ಐತ್ರಿ," ಎಂದ ಹುಲಿಗೆಪ್ಪ. "ಒಂದ. ಅದನ್ನ ಟೇಪಿನ್ಯಾಗ ಹಾಕ್ಕೊಡ್ರಿ."

"ಎಷ್ಟು ಹೊತ್ತಿನದು?"

"ಇಪ್ಪತ್ತು ಮಿನಿಟಿನ ಮ್ಯಾಲ ಆಕೈತ್ರಿ."

ಪ್ರಹ್ಲಾದನಿಗೆ ಕುತೂಹಲವಾಯಿತು. "ಮೊದಲು ಕೇಳುತ್ತೇನೆ," ಎಂದು ಪುಸ್ತಕ, ಪೆನ್ನು, ಗಡಿಯಾರ ಇಟ್ಟುಕೊಂಡು ಬಂಡೆಯ ಮೇಲೆ ಕುಳಿತ.

ಮೌಲಾಸಾಬ ಆಶ್ರಮದ ಆಂಪ್ಲಿಫೈಯರಿಗೆ ಗಿಟಾರು ಸಿಕ್ಕಿಸಿದ. ಅವರು ಹಾಡಿದರು.

ಅಂಥದ್ದನ್ನು ಪ್ರಹ್ಲಾದ ಕೇಳಿರಲಿಲ್ಲ. ಮೊದಲು ಚೌಡಿಕೆಯೊಂದೇ. ಆಮೇಲೆ ಗಿಟಾರು ಡೈನಮೈಟಿನ ಹಾಗೆ ಸಿಡಿಯಿತು. ತಾಳ ಏಳು ಮಾತ್ರೆಯಾಯಿತು, ಐದಾಯಿತು, ಹನ್ನೊಂದಾಯಿತು. ನಡುವೆ ಮೊಹರಮ್ಮಿನ ಪದದ ಧಾಟಿ ಬಂತು. ಎಲ್ಲಮ್ಮನ ಹಾಡಿನ ಎಳೆ ಬಂತು. ಯಾವುದೋ ಹಳೆಯ ಸಿನಿಮಾ ಹಾಡಿನ ತುಣುಕೂ ಬಂದು ಹೋಯಿತು. ಎಲ್ಲದರ ಮೇಲೆ ಹುಲಿಗೆಪ್ಪನ ದನಿ.

ಪ್ರಹ್ಲಾದ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದ.

ಹದಿನಾಲ್ಕನೆಯ ನಿಮಿಷದಲ್ಲಿ ಹುಲಿಗೆಪ್ಪ ಕೆಮ್ಮಿದ. ಬಗ್ಗಿ, ಮೊಣಕಾಲು ಹಿಡಿದುಕೊಂಡು, ಬಹಳ ಹೊತ್ತು ಕೆಮ್ಮಿದ. ಗಾಳೆಮ್ಮ ಚೌಡಿಕೆ ನಿಲ್ಲಿಸದೆ ಕಾದಳು. ಅವನು ಮತ್ತೆ ಎದ್ದು ನಿಂತು ಹಾಡು ಮುಗಿಸಿದ.

"ಈಗ ಹಾಕ್ಕೋತೀರೇನ್ರಿ?" ಎಂದು ಕೇಳಿದ. ಅವನ ಅಂಗಿ ಪೂರಾ ಬೆವೆತಿತ್ತು.

"ಇದು ಯಾವ ಬಗೆಯದು ಎಂದು ಮೊದಲು ತೀರ್ಮಾನವಾಗಬೇಕು," ಎಂದ ಪ್ರಹ್ಲಾದ. "ಉದ್ದವಿದೆ. ತಾಳ ಬದಲಾಗುತ್ತದೆ. ಆದರೆ ಇದರಲ್ಲಿ ಎಲ್ಲ ಬೆರೆತಿದೆ. ಬೆರೆತದ್ದೆಲ್ಲ ಪ್ರೊಗ್ರೆಸಿವ್ ರಾಕ್ ಆಗುವುದಿಲ್ಲ."

"ಮತ್ತ ಯಾವುದು ಆಕೈತ್ರಿ?" ಎಂದ ಮೌಲಾಸಾಬ.

"ಗಡಿ ದಾಟಿದ್ದು."

"ನಾವ್ ದಾಟಿಲ್ಲೇನ್ರಿ?"

"ದಾಟಿದ್ದೀರೋ, ಗಡಿ ಇರುವುದೇ ಗೊತ್ತಿಲ್ಲದೆ ತಿರುಗಾಡಿದ್ದೀರೋ, ಅದನ್ನೇ ನೋಡಬೇಕು."

ಮೌಲಾಸಾಬ ನಕ್ಕ. ಹುಲಿಗೆಪ್ಪ ನಗಲಿಲ್ಲ. "ಎಷ್ಟ ದಿನ ಹಿಡೀತೈತ್ರಿ?" ಎಂದ.

"ಹೇಳಿ ಕಳಿಸುತ್ತೇನೆ."

ಅವರು ಹರಿಗೋಲು ಹತ್ತಿದರು.

ಪ್ರಹ್ಲಾದ ಸೋಮಾರಿಯಲ್ಲ. ಅಂದಿನಿಂದಲೇ ಕುಳಿತ. ಆಶ್ರಮದಲ್ಲಿದ್ದ ಎಲ್ಲ ರೆಕಾರ್ಡುಗಳನ್ನು ಮತ್ತೆ ಕೇಳಿದ. ಲಕ್ಷಣಗಳನ್ನು ಬರೆದ, ಒಂದೊಂದನ್ನೂ ಆ ಹಾಡಿಗೆ ಹಚ್ಚಿ ನೋಡಿದ. ಸಿನಿಮಾದ ತುಣುಕು ಬಂದದ್ದು ದೋಷವೋ ಧೈರ್ಯವೋ ಎಂಬ ಒಂದೇ ಪ್ರಶ್ನೆಗೆ ಒಂದು ತಿಂಗಳು ಕಳೆಯಿತು. ನ್ಯಾಯವಾಗಿ ನಿರ್ಣಯಿಸಬೇಕು ಎಂಬ ಆಸೆ ಅವನಿಗೆ ನಿಜವಾಗಿಯೂ ಇತ್ತು.

ಶಿವರಾತ್ರಿಯ ಮರುದಿನ ಗಾಳೆಮ್ಮ ಒಬ್ಬಳೇ ಬಂದಳು. ಒಂದು ದಿನದ ಕೂಲಿ ಬಿಟ್ಟು, ಎರಡು ಬಸ್ಸು ಹಿಡಿದು, ಹೊಳೆ ದಾಟಿ ಬಂದಿದ್ದಳು.

"ಏನಾತ್ರಿ ನಮ್ ಹಾಡಿಂದು?"

"ಇನ್ನೂ ತೀರ್ಮಾನವಾಗಿಲ್ಲ."

"ಲಗೂನ ಆದ್ರ ಚಲೋ ಆಗ್ತಿತ್ರಿ. ಅಣ್ಣನ ಉಸಿರು ಸುಮಾರ ಐತಿ."

ಪ್ರಹ್ಲಾದ ಪುಸ್ತಕ ತೆರೆದು ನೋಡಿದ. "ಹೌದು. ನಾನೂ ಬರೆದುಕೊಂಡಿದ್ದೇನೆ. ಹದಿನಾಲ್ಕನೆಯ ನಿಮಿಷದಲ್ಲಿ ಉಸಿರು ಸಾಲದು. ಅಷ್ಟು ಉದ್ದದ ಹಾಡಿಗೆ ಅದು ದೊಡ್ಡ ಕೊರತೆ. ದಿನಾ ಬೆಳಿಗ್ಗೆ ಸಾಧನೆ ಮಾಡಲು ಹೇಳು."

ಗಾಳೆಮ್ಮ ಅವನ ಮುಖವನ್ನೇ ನೋಡಿದಳು.

"ಹೇಳ್ತೀನ್ರಿ," ಎಂದು, ಕೊಡದಿಂದ ನೀರು ಬಗ್ಗಿಸಿಕೊಂಡು ಕುಡಿದು, ಹೊರಟುಹೋದಳು.

ಗುರುಗಳು ಮರಳಿದ್ದು ಬೇಸಿಗೆಯಲ್ಲಿ. ಅಣ್ಣನ ದಿನಕರ್ಮ ಮುಗಿಸಿ, ತಲೆ ಬೋಳಿಸಿಕೊಂಡು ಬಂದಿದ್ದರು. ಅಂದಿಗೆ ಪ್ರಹ್ಲಾದನ ಬರಹ ಮುಗಿದು ಎರಡು ದಿನವಾಗಿತ್ತು. ನಲವತ್ತು ಪುಟ.

ಅವನು ಎಲ್ಲವನ್ನೂ ವಿವರಿಸಿದ. ಗುರುಗಳು ಕಣ್ಣು ಮುಚ್ಚಿ ಕೇಳಿದರು.

"ಕೊನೆಗೆ ಏನು ಬರೆದೆ?"

"ಅದು ಪ್ರೊಗ್ರೆಸಿವ್ ರಾಕೇ. ಸಂಶಯವಿಲ್ಲ. ನನಗೆ ತಿಳಿದ ಮಟ್ಟಿಗೆ ಈ ಸೀಮೆಯಲ್ಲಿ ಅಂಥದ್ದು ಇನ್ನೊಂದಿಲ್ಲ."

"ಅವರು ಬಂದು ಎಷ್ಟು ದಿನವಾಯಿತು?"

"ಐದು ತಿಂಗಳು."

"ಕಲ್ಲು ಗಣಿಯವರು ಅಂದೆ."

"ಹೌದು."

"ಕೆಮ್ಮಿದ ಅಂದೆ."

"ಹೌದು."

ಗುರುಗಳು ಕಣ್ಣು ತೆರೆದರು. "ಈಗಲೇ ಹೊರಡು," ಎಂದರು.

ಪ್ರಹ್ಲಾದ ಹೊರಟ. ಬಸ್ಸಿನಲ್ಲಿ ತನ್ನ ಪುಸ್ತಕವನ್ನೂ ಆ ನಲವತ್ತು ಪುಟವನ್ನೂ ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಆ ಮೂವರಿಗೆ ಎಷ್ಟು ಸಂತೋಷವಾದೀತು ಎಂದು ಯೋಚಿಸುತ್ತಿದ್ದ. ಊರು ಹತ್ತಿರವಾದಂತೆ ಮರಗಳ ಎಲೆಗಳು ಬಿಳಿಯಾಗಿದ್ದವು. ಬೀದಿ ಬಿಳಿಯಾಗಿತ್ತು. ಆಡುಗಳ ಮೈಯೂ ಬಿಳಿಯಾಗಿತ್ತು.

ಗಣಿಯ ಅಂಚಿನಲ್ಲಿ ಗಾಳೆಮ್ಮ ಸುತ್ತಿಗೆ ಹಿಡಿದು ಜಲ್ಲಿ ಒಡೆಯುತ್ತಿದ್ದಳು. ಮೂಗಿಗೆ ಸೆರಗು ಕಟ್ಟಿಕೊಂಡಿದ್ದಳು. ಅವನನ್ನು ಕಂಡು ಸುತ್ತಿಗೆ ಕೆಳಗಿಟ್ಟಳು.

"ತೀರ್ಮಾನ ಆಯಿತು," ಎಂದ ಪ್ರಹ್ಲಾದ. "ಅಣ್ಣ ಎಲ್ಲಿ?"

"ಹೋಗಿ ಇಪ್ಪತ್ತೆರಡು ದಿನ ಆತ್ರಿ."

"ಎಲ್ಲಿಗೆ?" ಎಂದ ಮೇಲೆ ಅವನಿಗೆ ಅರ್ಥವಾಯಿತು.

"ಪುಪ್ಪಸದಾಗ ಕಲ್ಲಿನ ಪುಡಿ ತುಂಬೇತಿ ಅಂತ ದೀಪಾವಳಿ ಹೊತ್ತಿಗೇ ಡಾಕ್ಟರು ಹೇಳಿದ್ರಿ. ಅದಕ್ಕ ನಿಮ್ಮಲ್ಲಿಗೆ ಬಂದಿದ್ವಿ. ದನಿ ಇರೂತನಕ ಹಿಡಿದಿಟ್ಟರ ಸಾಕು ಅಂತಿದ್ದ."

"ನೀನು ಬಂದಾಗ ಹೇಳಲಿಲ್ಲ."

"ಉಸಿರು ಸುಮಾರ ಐತಿ ಅಂದಿದ್ನೆಲ್ರಿ."

ಗಣಿಯೊಳಗಿನಿಂದ ಮಶೀನಿನ ಸದ್ದು ಬರುತ್ತಿತ್ತು.

"ಏನಂತ ಬರದೀರಿ?" ಎಂದು ಅವಳು ಕೇಳಿದಳು.

"ಅದು ಪ್ರೊಗ್ರೆಸಿವ್ ರಾಕ್ ಎಂದು."

"ಹಂಗಂದ್ರ?"

ನಲವತ್ತು ಪುಟದಲ್ಲಿ ಇದ್ದದ್ದು ಅದೇ. ಅವನು ಆ ಪುಟಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡ.

ಅವನು ಅಂದ: "ನೀನು, ಮೌಲಾಸಾಬ ಸೇರಿ ಹಾಡಿರಿ. ಇವತ್ತೇ ಬನ್ನಿ. ನಾನು ರೆಕಾರ್ಡ್ ಮಾಡುತ್ತೇನೆ."

"ಮೌಲಾ ಊರು ಬಿಟ್ಟು ಹೋಗ್ಯಾನ್ರಿ. ನಾ ಬಾರಿಸಾಕಿ ಅಷ್ಟ, ಹಾಡಾಕಿ ಅಲ್ಲ. ಪದ ಎಲ್ಲ ಅವನ ಹೊಟ್ಟ್ಯಾಗಿದ್ದು. ಗಣ್ಯಾಗ ಸತ್ತಾವ್ರ ಹೆಸರು ಒಂದೊಂದ ಹಿಡಿದು ಕರೀತಿದ್ದ. ಮೂವತ್ತೋ ನಲವತ್ತೋ ಹೆಸರು. ನನಗ ಏಳೆಂಟು ನೆನಪದಾವು, ಮುಂದ ತಪ್ಪತೈತಿ."

ಅದು ಹೆಸರುಗಳ ಹಾಡು ಎಂಬುದು ಪ್ರಹ್ಲಾದನಿಗೆ ಆಗಲೇ ತಿಳಿದದ್ದು.

ಗಾಳೆಮ್ಮ ಅವನ ಕೈಯಲ್ಲಿದ್ದ ಪುಸ್ತಕ ನೋಡಿದಳು. ಮೊದಲ ಸಲ ಅವಳ ದನಿಯಲ್ಲಿ ಆಸೆ ಬಂತು.

"ನೀವು ಪೂರಾ ಕೇಳೀರಿ. ಕೇಳ್ತಾ ಕೇಳ್ತಾ ಬರಕೊಂತಿದ್ರಿ, ನಾ ನೋಡೇನಿ. ಅದರಾಗ ಎಲ್ಲಾ ಹೆಸರು ಅದಾವಲ್ರಿ? ಓದ್ರಿ ನೋಡೂಣು."

ಅವನು ಪುಸ್ತಕ ತೆರೆದ. ಹಾಳೆ ತಿರುವಿದ. ಏಳು ಮಾತ್ರೆ. ಐದು ಮಾತ್ರೆ. ಹನ್ನೊಂದು ಮಾತ್ರೆ. ಒಂಬತ್ತನೆಯ ನಿಮಿಷಕ್ಕೆ ಸಿನಿಮಾದ ತುಣುಕು. ಹದಿನಾಲ್ಕನೆಯ ನಿಮಿಷಕ್ಕೆ ಉಸಿರು ಸಾಲದು.

ಹೆಸರು ಒಂದೂ ಇರಲಿಲ್ಲ.

"ಓದ್ರಿ," ಎಂದಳು ಗಾಳೆಮ್ಮ.

ಅವನು ಪುಸ್ತಕ ಮುಚ್ಚಿದ.

ಅವಳು ಬೈಯಲಿಲ್ಲ. ಅಳಲೂ ಇಲ್ಲ. ಸೆರಗನ್ನು ಮತ್ತೆ ಮೂಗಿಗೆ ಕಟ್ಟಿಕೊಂಡು ಸುತ್ತಿಗೆ ಎತ್ತಿಕೊಂಡಳು. ಅವನು ಹೋದದ್ದನ್ನು ಅವಳು ನೋಡಲಿಲ್ಲ.

ಪ್ರಹ್ಲಾದ ಆಶ್ರಮಕ್ಕೆ ಬಂದಾಗ ಗುರುಗಳು ಹೊಳೆಯ ದಡದಲ್ಲಿ ಕುಳಿತಿದ್ದರು. ಅವನ ಮುಖ ನೋಡಿ, ಪಕ್ಕದ ಬಂಡೆಯನ್ನು ಕೈಯಿಂದ ತೋರಿಸಿದರು. ಅವನು ಕುಳಿತು, ಆದದ್ದನ್ನೆಲ್ಲ ಒಂದೂ ಮುಚ್ಚಿಡದೆ ಹೇಳಿದ.



"ಆ ನಿಯಮ ನೀನು ಮಾಡಿದಾಗ ನಾನು ಇಲ್ಲೇ ಇದ್ದೆ," ಎಂದರು ಗುರುಗಳು. "ಸುಮ್ಮನೆ ಇದ್ದೆ."

"ನನ್ನನ್ನು ಹೊರಗೆ ಹಾಕಿ, ಗುರುಗಳೇ."

"ಹಾಕಿದರೆ ಎಲ್ಲಿಗೆ ಹೋಗುತ್ತೀಯ?"



ಹೊಳೆಯಲ್ಲಿ ನೀರು ತೀರ ಇಳಿದುಹೋಗಿತ್ತು. ಪ್ರಹ್ಲಾದ ಆ ನಲವತ್ತು ಪುಟವನ್ನು ನೋಡುತ್ತ ಕುಳಿತಿದ್ದ. ಹರಿದು ಹಾಕಲೂ ಆಗಲಿಲ್ಲ, ಕೆಳಗಿಡಲೂ ಆಗಲಿಲ್ಲ. ಅದರಲ್ಲಿ ಅವನ ಐದು ತಿಂಗಳಿತ್ತು.

ತಡೆಯಲಾರದೆ ಕೇಳಿದ. ಕೇಳುವಾಗಲೇ ಅವನಿಗೆ ನಾಚಿಕೆಯಾಯಿತು.

"ಗುರುಗಳೇ, ಒಂದು ಮಾತು. ನನ್ನ ತೀರ್ಮಾನವಾದರೂ ಸರಿಯಿತ್ತೇ? ಅದು ಪ್ರೊಗ್ರೆಸಿವ್ ರಾಕೇ ಹೌದೇ?"

ಗುರುಗಳು ಏಳಲು ಬಂಡೆಗೆ ಕೈ ಊರಿದರು.

"ಹೌದಪ್ಪ. ಇನ್ನು ಅದನ್ನ ಯಾರೂ ಕೇಳೋ ಹಾಗಿಲ್ಲ; ಅಲ್ಲ ಅನ್ನೋ ಹಾಗೂ ಇಲ್ಲ."