ದ್ಯಾಮವ್ವನ ಲಾಟೀನು ಗಾಜು

ಹೊಳೆದಂಡೆಯ ಆ ಆಶ್ರಮದಲ್ಲಿ ಜಪಕ್ಕಿಂತ ಕೆಲಸವೇ ಜಾಸ್ತಿ. ಗಾಳಿಯ ರಭಸದಲ್ಲಿ ಮರಳು ಊದಿ ಗಾಜಿನ ಮೇಲೆ ಚಿತ್ರ ಕೊರೆಯುವುದು ಶಾಂತಯ್ಯ ಗುರುಗಳ ಕಸುಬು. ಕೊಟ್ರೇಶ ಅವರ ಶಿಷ್ಯ.

ಅಡುಗೆಯ ದ್ಯಾಮವ್ವ ಮರುದಿನ ಮಗಳ ಊರಿಗೆ ಹೊರಟಿದ್ದಳು. ಇನ್ನು ಬರುವವಳಲ್ಲ. ಹೋದ ಮಳೆಗಾಲ ಜ್ವರ ಬಂದು ಮಲಗಿದ್ದ ಕೊಟ್ರೇಶನನ್ನು ಉಳಿಸಿಕೊಂಡವಳು ಅವಳೇ. ಅವಳ ಲಾಟೀನಿನ ದುಂಡು ಗಾಜಿನ ಮೇಲೆ ಏನಾದರೂ ಕೊರೆದು ಕೊಡಬೇಕೆಂದು ಇವನ ಜೀವ ಹಂಬಲಿಸುತ್ತಿತ್ತು. ಅಂಥ ಗಾಜು ಈಗ ಹುಡುಕಿದರೂ ಸಿಗದು. ಕೆಟ್ಟರೆ ಕೆಟ್ಟಹಾಗೇ.

ಚಿತ್ರದಷ್ಟು ಜಾಗ ಕತ್ತರಿಸಿ ತೆಗೆದ ಹಾಳೆಯನ್ನು, ಅಂದರೆ ಸ್ಟೆನ್ಸಿಲನ್ನು, ಗಾಜಿಗೆ ಮುಚ್ಚಬೇಕು; ಬಯಲಾಗಿ ಉಳಿದ ಕಡೆ ಮಾತ್ರ ಮರಳು ಕೊರೆಯುತ್ತದೆ. ಮೊದಲು ಹಳೇ ಸೀಸೆಗಳ ಮೇಲೆ ಮಾಡಿ ನೋಡಿದ. ಕಾಗದ ಅಂಟಿಸಿದರೆ ಮರಳು ಕಾಗದವನ್ನೇ ತಿಂದುಹಾಕಿತು. ತಗಡು ಕಟ್ಟಿದರೆ ಸಂದಿಯಲ್ಲಿ ಮರಳು ನುಗ್ಗಿ ಅಕ್ಷರವೆಲ್ಲ ಕಲಸಿಹೋಯಿತು.

"ಗುರುಗಳೇ, ತಗಡಿಗಿಂತ ಗಟ್ಟಿಯಾದದ್ದು ಯಾವುದಿದೆ?"

ಗುರುಗಳು ಊಟದ ತಟ್ಟೆ ತಂದು ಅವನ ಹಣೆಗೆ ಒತ್ತಿ ಹಿಡಿದರು. "ಜ್ವರ ಬಂದಾಗ ದ್ಯಾಮವ್ವ ಇದನ್ನ ಇಟ್ಟಳೇನಪ್ಪಾ?"

"ಇಲ್ಲ. ಒದ್ದೆ ಬಟ್ಟೆ."

"ಯಾಕೆ?"

"ತಟ್ಟೆ ಹಣೆಗೆ ಕೂರಬೇಕಲ್ಲ..." ಎಂದವನು ಅಷ್ಟಕ್ಕೇ ನಿಲ್ಲಿಸಿ, ಒಳಗೆ ಹೋಗಿ ತೆಳು ರಬ್ಬರ್ ಹಾಳೆ ತಂದ. "ಇಷ್ಟು ಮೆತ್ತಗಿರೋದನ್ನ ಮರಳು ಬಿಟ್ಟೀತೇ?"

ಗುರುಗಳು ಹಾಳೆಯ ಮೇಲೆ ಮರಳು ಊದಿದರು. ಮರಳು ಪುಟಿದು ಕೆಳಗೆ ಬಿತ್ತು. ಹಾಳೆಗೆ ಏನೂ ಆಗಲಿಲ್ಲ.

"ಇದು ಏಟು ನುಂಗಿಕೊಳ್ಳುತ್ತೆ," ಎಂದರು. "ನೀನು ಜ್ವರದಲ್ಲಿ ಬೈದದ್ದನ್ನ ಅವಳು ನುಂಗಿಕೊಂಡಳಲ್ಲ, ಹಾಗೆ."

"ಗಂಜಿ ಬಟ್ಟಲನ್ನೂ ಎಸೆದಿದ್ದೆ," ಎಂದ ಕೊಟ್ರೇಶ ಮೆಲ್ಲಗೆ.

ಆಮೇಲೆ ಕೂತು ರಬ್ಬರಿನಲ್ಲಿ ಉದ್ದದ ಹೊಗಳಿಕೆ ಕತ್ತರಿಸಿದ. ಮಹಾತಾಯಿ, ಕರುಣಾಮಯಿ, ಅನ್ನಪೂರ್ಣೆ. ಗಾಜಿಗೆ ಸುತ್ತಿದರೆ ಹಾಳೆ ಉಬ್ಬಿನ ಮೇಲೆಲ್ಲ ಸುಕ್ಕುಗಟ್ಟಿತು.

"ಎಷ್ಟು ಎಳೆದರೂ ಕೂರ್ತಿಲ್ಲ, ಗುರುಗಳೇ."

"ದೊಡ್ಡದು ಸುಕ್ಕಾಗುತ್ತೆ. ಚಿಕ್ಕದು ಕೂರುತ್ತೆ."

ಅವನು ಹೊಗಳಿಕೆಯನ್ನೆಲ್ಲ ಪಕ್ಕಕ್ಕಿಟ್ಟು, ಚಿಕ್ಕ ತುಂಡಿನಲ್ಲಿ ಒಂದು ಬಟ್ಟಲಿನ ಆಕಾರವನ್ನಷ್ಟೇ ಕತ್ತರಿಸಿ ತೆಗೆದ. ಅದರ ಅಂಚು ಒಂದು ಕಡೆ ಮುಕ್ಕಾಗಿತ್ತು. ತುಂಡು ಗಾಜಿಗೆ ಒದ್ದೆ ಬಟ್ಟೆಯ ಹಾಗೆ ಅಂಟಿ ಕೂತಿತು. ಉಳಿದ ಗಾಜಿಗೂ ಸಣ್ಣ ಸಣ್ಣ ತುಂಡು ಹಚ್ಚಿ ಮುಚ್ಚಿದ. ಬಟ್ಟಲಿನ ಜಾಗಕ್ಕೆ ಮರಳು ಊದಿದ.

ಬೆಳಿಗ್ಗೆ ದ್ಯಾಮವ್ವ ಗಾಜನ್ನು ಬಿಸಿಲಿಗೆ ಎತ್ತಿ ಹಿಡಿದಳು.

"ಇದು ನೀ ಎಸೆದ ಬಟ್ಟಲು ಅಲ್ಲೇನೋ?"

"ಹೂಂ ಅವ್ವ."

ಅವಳು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಗಾಜನ್ನು ಹೊಸ ಸೀರೆಯಲ್ಲಿ ಸುತ್ತಿ, ಅವನ ತಲೆ ಸವರಿ ದೋಣಿ ಹತ್ತಿದಳು.

ದೋಣಿ ಆಚೆ ದಡ ಸೇರುವವರೆಗೂ ಕೊಟ್ರೇಶ ಕೈಮುಗಿದುಕೊಂಡೇ ನಿಂತಿದ್ದ.

"ಗುರುಗಳೇ, ಹೇಳಬೇಕಾದ್ದು ಬೆಟ್ಟದಷ್ಟಿತ್ತು. ಬಟ್ಟಲಷ್ಟೇ ಹೇಳಿದ್ದಾಯ್ತು. ಉಳಿದದ್ದನ್ನ ಯಾವಾಗ ಹೇಳಲಿ?"

ಗುರುಗಳೆಂದರು: "ಯಾರಿಗಾದರೂ ಜ್ವರ ಬಂದಾಗ ಹೇಳು."